ನಡೆಯುವ ಬದು

ನಮ್ಮ ಗದ್ದೆಯ ಬದು ನಡೆಯುತ್ತದೆ. ಸುಮ್ನೆ ಹೇಳ್ತಿಲ್ಲ. ನಾನು ಚಿಕ್ಕವನಿದ್ದಾಗ ಅಲ್ಲಿರುವ ಹೊಂಗೆ ಮರ ನಮ್ಮದಾಗಿತ್ತು. ಬದುವಿನಿಂದ ಎರಡು ಹೆಜ್ಜೆ ಈಚೆಗಿತ್ತು. ಈಗ ಅದು ಪಕ್ಕದವರ ಮರ. ಮರವಂತೂ ಕದಲಿಲ್ಲ.

ಮಂಡ್ಯದ ಕಡೆ ಗದ್ದೆ ಮಾಡಿದವರಿಗೆ ಇದರ ಗುಟ್ಟು ಗೊತ್ತು. ನಾಟಿಗೆ ಮುಂಚೆ, ಹುಲ್ಲು ತೆಗೆಯುವ ನೆಪದಲ್ಲಿ, ಪಕ್ಕದವನು ತನ್ನ ಕಡೆಯಿಂದ ಸನಿಕೆಯಲ್ಲಿ ಬದು ಕೆತ್ತುತ್ತಾನೆ. ಹುಲ್ಲಿನ ಜೊತೆ ಒಂದಿಷ್ಟು ಮಣ್ಣೂ ಬರುತ್ತದೆ. ಬದು ತೆಳ್ಳಗಾಯಿತು, ನೀರು ಸೋರುತ್ತದೆ ಅಂತ ನಾವು ನಮ್ಮ ಕಡೆಯಿಂದ ಕೆಸರು ಮೆತ್ತುತ್ತೇವೆ. ಅಂದರೆ ಗಡಿಯನ್ನು ನಮ್ಮ ಗದ್ದೆಯೊಳಕ್ಕೆ ಎಳೆದುಕೊಂಡು ಬರುವವರು ನಾವೇ. ಕಳೆದುಕೊಳ್ಳುವವನ ಕೈಯಲ್ಲೇ ಕೆಲಸ ಮಾಡಿಸುವ ಇಂಥ ನಾಜೂಕಿನ ಕಳ್ಳತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಲ ಲೆಕ್ಕ ಹಾಕಿದೆ. ಬದು ಸುಮಾರು 200 ಅಡಿ ಉದ್ದವಿದೆ. ವರ್ಷಕ್ಕೆ ಅರ್ಧ ಅಡಿ ನಡೆದರೆ 100 ಚದರ ಅಡಿ. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 1089 ಚದರ ಅಡಿ. ಹನ್ನೊಂದು ವರ್ಷಕ್ಕೆ ಒಂದು ಗುಂಟೆ ಹೋಯಿತು! ಅದೂ ಎಲ್ಲರ ಕಣ್ಣೆದುರೇ.

ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ ಇದನ್ನು ಕೇಳಿ ಕೆಂಡವಾದ. ಅವನು ಈಚೆಗೆ ಲಿಬರ್ಟೇರಿಯನ್ ಆಗಿದ್ದಾನೆ. ಹಾಗಂದರೇನು ಅಂತ ನನ್ನ ಚಿಕ್ಕಪ್ಪ ಕೇಳಿದರು. ಮನುಷ್ಯನಿಗೆ ಅವನ ಮೈ ಹೇಗೆ ಸ್ವಂತವೋ ಅವನ ಆಸ್ತಿಯೂ ಹಾಗೇ ಸ್ವಂತ, ಅದರ ತಂಟೆಗೆ ಯಾರೂ ಬರಬಾರದು, ಸರ್ಕಾರವಂತೂ ಬರಲೇಬಾರದು ಅಂದ. ಸರ್ಕಾರ ರಾತ್ರಿ ಕಾವಲುಗಾರನ ಹಾಗೆ ಇರಬೇಕಂತೆ. ಕಳ್ಳರನ್ನು ಹಿಡಿಯಬೇಕು, ಮಾತು ತಪ್ಪಿದವರನ್ನು ಕೋರ್ಟಿಗೆ ಎಳೆಯಬೇಕು, ಅಷ್ಟೇ. ಆಸ್ತಿಯ ಹಕ್ಕು ಮೊದಲು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಕಿತ್ತು 300ಎ ವಿಧಿ ಅಂತ ಒಂದು ಮೂಲೆಗೆ ಕೂರಿಸಿದರು ಅಂತ ಬೇರೆ ಹೊಟ್ಟೆ ಉರಿದುಕೊಂಡ.

ಚಿಕ್ಕಪ್ಪ ಬೀಡಿ ಆರಿಸಿ ಕೇಳಿದರು: "ಅಲ್ಲ ಕಣ್ ಮಗ, ಕಾವಲುಗಾರ ರಾತ್ರಿ ಕಾಯ್ತಾನೆ ಸರಿ. ನಾಲೆಗೆ ನೀರು ಯಾರು ಬುಡ್ತಾರೆ?"

ಹುಡುಗ ಖಾಸಗಿ ನಾಲೆ, ನೀರಿನ ಮಾರುಕಟ್ಟೆ ಅಂತೆಲ್ಲ ಹೇಳಿದ. ಚಿಕ್ಕಪ್ಪ ತಲೆಯಾಡಿಸಿದರು. ಅವರಿಗೆ ನೀರು ಅಂದರೆ ಕನ್ನಂಬಾಡಿ ಕಟ್ಟೆ. 1911ರಲ್ಲಿ ಅದರ ಕೆಲಸ ಶುರುವಾಯಿತು. ಆಮೇಲೆ ಇರ್ವಿನ್ ನಾಲೆ ಬಂತು, ಈಗ ನಾವು ವಿಶ್ವೇಶ್ವರಯ್ಯ ನಾಲೆ ಅನ್ನೋದು ಅದನ್ನೇ. ಅದಕ್ಕೆ ಮುಂಚೆ ನಮ್ಮ ಈ ಜಮೀನು ಮಳೆ ಬಂದರೆ ರಾಗಿ ಬೆಳೆಯುವ ಹೊಲವಾಗಿತ್ತಂತೆ. ನಡೆಯುವ ಬದುವಿಗೆ ಆಗ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ನಾಲೆ ಬಂದ ಮೇಲೆ ಗೇಣು ನೆಲಕ್ಕೂ ಬೆಲೆ ಬಂತು. ಇತ್ತ ಬೆಲೆ ಬರಲಿ ಅಂತ ಅತ್ತ ಕನ್ನಂಬಾಡಿ ಅನ್ನೋ ಊರು ನೀರಲ್ಲಿ ಮುಳುಗಿತು. ಆ ಊರಿನ ಗದ್ದೆಗಳಿಗೂ ಬದು ಇದ್ದವಲ್ವಾ?

ಹುಡುಗ ಸೋಲಲಿಲ್ಲ. ಆಸ್ತಿ ಹುಟ್ಟೋದೇ ದುಡಿಮೆಯಿಂದ ಅಂದ. ಇಂಗ್ಲೆಂಡಿನ ಜಾನ್ ಲಾಕ್ ಅನ್ನೋ ಪಂಡಿತರು 17ನೇ ಶತಮಾನದಲ್ಲೇ ಹೇಳಿದ್ದಾರಂತೆ: ಯಾರದ್ದೂ ಅಲ್ಲದ ನೆಲಕ್ಕೆ ನಿನ್ನ ಬೆವರು ಬೆರೆಸಿದರೆ ಅದು ನಿನ್ನದು. ನಾನೂ ಅಷ್ಟಿಷ್ಟು ಓದಿಕೊಂಡವನು. ನಿಮ್ಮ ಪಕ್ಷದವರೇ ಆದ ಹಾರ್ವರ್ಡಿನ ರಾಬರ್ಟ್ ನೋಜಿಕ್ ಇದಕ್ಕೊಂದು ತರಲೆ ಪ್ರಶ್ನೆ ಹಾಕಿದ್ದಾರಲ್ಲಪ್ಪ ಅಂದೆ. ನನ್ನ ಹತ್ತಿರ ಒಂದು ಡಬ್ಬಿ ಟೊಮೇಟೊ ರಸ ಇದೆ. ಅದನ್ನು ಸಮುದ್ರಕ್ಕೆ ಸುರಿದೆ. ರಸ ಸಮುದ್ರದ ತುಂಬಾ ಬೆರೆಯಿತು. ಈಗ ಸಮುದ್ರ ನನ್ನದಾಯಿತಾ, ಇಲ್ಲಾ ರಸ ಹಾಳಾಯಿತಾ?

"ಸಾರು ಚೆಲ್ಕೊಂಡ, ಅಷ್ಟೇಯ" ಅಂದರು ಚಿಕ್ಕಪ್ಪ, ಒಂದು ಕ್ಷಣವೂ ತಡಮಾಡದೆ.

ನೋಜಿಕ್ಕರ ಈ ಪ್ರಶ್ನೆ ಇರುವ ಪುಸ್ತಕ ಬಂದದ್ದು 1974ರಲ್ಲಿ. ಅದೇ ವರ್ಷ ಮಾರ್ಚ್ 1ಕ್ಕೆ ನಮ್ಮಲ್ಲಿ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಒಬ್ಬನ ಆಸ್ತಿ ತೆಗೆದು ಇನ್ನೊಬ್ಬನಿಗೆ ಕೊಡಲು ಸರ್ಕಾರಕ್ಕೆ ಹಕ್ಕಿಲ್ಲ ಅಂತ ಅಮೆರಿಕದಲ್ಲಿ ಒಬ್ಬರು ಬರೆಯುತ್ತಿದ್ದ ಹೊತ್ತಿಗೆ, ಇಲ್ಲಿ ನಮ್ಮ ತಾತ ಗೇಣಿದಾರರು ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ತುಂಬಿಸಿ ಹೆಬ್ಬೆಟ್ಟು ಒತ್ತುತ್ತಿದ್ದರು. ಈ ಗದ್ದೆ ಮೊದಲು ಮೈಸೂರಿನಲ್ಲಿದ್ದ ಯಜಮಾನರೊಬ್ಬರದು. ತಾತ ಗೇಣಿಗೆ ಮಾಡುತ್ತಿದ್ದರು. ಭೂ ನ್ಯಾಯಮಂಡಳಿಯಲ್ಲಿ ನಮ್ಮ ಹೆಸರಿಗಾಯಿತು.

ಇದು ಹುಡುಗನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಾದ. "ಹಂಗಾದ್ರೆ ಇದು ನಮ್ಮದು ಹೆಂಗಾಗುತ್ತೆ ತಾತ?" ಅಂತ ಚಿಕ್ಕಪ್ಪನನ್ನು ಕೇಳಿದ.

ಚಿಕ್ಕಪ್ಪನಿಗೆ ರೇಗಿತು. "ಅವ್ರು ಒಂದಿನ ಕೆಸರಿಗೆ ಕಾಲಿಟ್ಟೋರಲ್ಲ. ಗೇದೋರು ನಾವು!" ಜಾನ್ ಲಾಕ್ ಇದ್ದಿದ್ದರೆ ಬದುವಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಬೆಲ್ಲದ ಕಾಫಿ ಕೊಡುತ್ತಿದ್ದರೋ ಏನೋ. ಆದರೆ ಒಂದು ಮಾತು ನನ್ನ ನಾಲಿಗೆ ತುದಿಗೆ ಬಂದು ನಿಂತಿತು. ಬದು ಕೆತ್ತುವ ಪಕ್ಕದವನೂ ಗೇಯುವವನೇ. ಸನಿಕೆ ಹಿಡಿದು ಬೆವರು ಬೆರೆಸಿಯೇ ಅವನು ನಮ್ಮ ಗುಂಟೆ ಪಡೆದದ್ದು. ಹೇಳಲಿಲ್ಲ. ಊಟದ ಹೊತ್ತಾಗಿತ್ತು.

ಕೊನೆಗೆ ಹುಡುಗನೇ ಓಡಾಡಿ, ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿಸಿದ. ಬೇರೆಯವರ ಜಾಗವನ್ನು 12 ವರ್ಷ ರಾಜಾರೋಷವಾಗಿ ಅನುಭವಿಸಿದವನು, ಮಾಲೀಕ ಸುಮ್ಮನಿದ್ದರೆ, ತನ್ನದೇ ಅನ್ನಬಹುದು ಅಂತ ಕಾಯ್ದೆಯಿದೆ, ತಡ ಮಾಡಬಾರದು ಅನ್ನೋದು ಅವನ ಆತಂಕ. ಸರ್ಕಾರ ತಂಟೆಗೆ ಬರಬಾರದು ಅಂದವನೇ ಸರ್ಕಾರಿ ಸರ್ವೆಯವರಿಗೆ ಛತ್ರಿ ಹಿಡಿದು ನಿಂತ.

ಸರ್ವೆಯವರು ಬಾಂದು ಕಲ್ಲು ಹುಡುಕಿದರು, ಅಳೆದರು, ನಕ್ಷೆ ನೋಡಿದರು, ಮತ್ತೆ ಅಳೆದರು. ಪಕ್ಕದವನು ಕೈಕಟ್ಟಿ ನಿಂತಿದ್ದ. ಬದು ಒಂದು ಗುಂಟೆಯಷ್ಟು ಈ ಕಡೆ ಬಂದಿರುವುದು ನಿಜ ಅಂದರು. ಹುಡುಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆದರೆ ಪಹಣಿಯಲ್ಲಿ ಇರೋದಕ್ಕಿಂತ ನಿಮ್ಮ ಗದ್ದೆ ಅರ್ಧ ಗುಂಟೆ ಜಾಸ್ತಿಯೇ ಇದೆಯಲ್ಲ ಅಂತ ಸೇರಿಸಿದರು.

ಎಲ್ಲರೂ ಗದ್ದೆಯ ಆ ತುದಿಗೆ ನೋಡಿದೆವು. ಅಲ್ಲಿ ಬಂಡಿ ದಾರಿ. ನಕ್ಷೆಯಲ್ಲಿ ಅಗಲವಾಗಿದೆ, ನೆಲದ ಮೇಲೆ ಒಂದು ಎಮ್ಮೆ ಹೋಗುವಷ್ಟಿದೆ. ಅಲ್ಲಿಯೂ ಒಂದು ಬದುವಿತ್ತು. ಅದನ್ನು ವರ್ಷಾ ವರ್ಷ ಕೆತ್ತುತ್ತಿದ್ದವರು ನಮ್ಮ ಚಿಕ್ಕಪ್ಪ. ಪಕ್ಕದವನ ಗದ್ದೆಯೂ ಆ ದಾರಿಗೆ ತಾಗಿದ್ದರಿಂದ ಅವನ ಮುಖವೂ ಸಪ್ಪಗಾಯಿತು. "ಎಳ್ನೀರು ಕುಡೀರಿ ಸ್ವಾಮಿ, ಬಿಸ್ಲು ಜಾಸ್ತಿ ಐತೆ" ಅಂತ ಇಬ್ಬರೂ ಒಟ್ಟಿಗೆ ಅಂದರು. ಎಷ್ಟೋ ವರ್ಷದ ಮೇಲೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅವತ್ತೇ. ಬದು ಇದ್ದ ಹಾಗೇ ಇರಲಿ ಅಂತ ತೀರ್ಮಾನವಾಯಿತು. ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, ಸರ್ಕಾರದ ಜಾಗವಾದರೆ 12 ಅಲ್ಲ, 30 ವರ್ಷ ಬೇಕಂತೆ, ತಾತ ಯಾವಾಗಿಂದ ಕೆತ್ತುತ್ತಿದ್ದಾರೆ ಅಂತ ಮೆಲ್ಲಗೆ ಕೇಳಿದ.

ಕೊಯ್ಲಿನ ಕಾಲಕ್ಕೆ ಭತ್ತ ಕೊಯ್ಯುವ ಮಿಷಿನ್ ಬಂತು. ಬಂಡಿ ದಾರಿಯ ಬಾಯಿಗೆ ಬಂದು ನಿಂತುಬಿಟ್ಟಿತು. ಡ್ರೈವರ್ ಇಳಿದು ನೋಡಿ, ಒಳಗೆ ಬರೋಕಾಗಲ್ಲ ಅಂದ. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ದಾರಿಯನ್ನು ಉದ್ದಕ್ಕೂ ನೋಡಿದರು.

"ಒಂದು ದಾರಿ ನೆಟ್ಟಗೆ ಮಡಗಕ್ಕಾಗಕಿಲ್ವಲ್ಲ ಈ ಸರ್ಕಾರದೋರಿಗೆ" ಅಂದರು.