ಸತ್ಯಾಂಶ: ಪತಂಜಲಿ 84 ಆಸನ ಹೇಳಿದ್ದಾರಾ?

ದಾವಣಗೆರೆಯ ವಾಕಿಂಗ್ ಗ್ರೂಪುಗಳಲ್ಲಿ ಆಗಾಗ ಬರುವ ಮೆಸೇಜ್ ಇದು: ಪತಂಜಲಿ ಬರೆದ ಯೋಗಸೂತ್ರದಲ್ಲಿ 84 ಆಸನಗಳಿವೆ, ಒಂದೊಂದಕ್ಕೆ ಒಂದೊಂದು ಕಾಯಿಲೆ ವಾಸಿ. ಕಳಿಸುವವರ ಉದ್ದೇಶ ಒಳ್ಳೆಯದೇ, ವಿಷಯ ಮಾತ್ರ ಸರಿಯಲ್ಲ.

ಯೋಗಸೂತ್ರದಲ್ಲಿ ಒಂದೇ ಒಂದು ಆಸನದ ಹೆಸರೂ ಇಲ್ಲ. ಸುಮಾರು 195 ಸೂತ್ರಗಳಲ್ಲಿ ಆಸನಕ್ಕೆ ಸಿಕ್ಕಿದ್ದು ಮೂರೇ. ಕೂತರೆ ಅಲುಗಾಡಬಾರದು, ಹಿತವಾಗಿಯೂ ಇರಬೇಕು, ಅಷ್ಟೇ. ಯೋಗದ ಗುರಿಯನ್ನು ಎರಡನೇ ಸೂತ್ರವೇ ಹೇಳುತ್ತದೆ: ಮನಸ್ಸಿನ ಓಡಾಟ ನಿಲ್ಲಿಸುವುದು. ಯೋಗಸೂತ್ರ ಹೇಳುವ ಯೋಗದ ಎಂಟು ಅಂಗಗಳಲ್ಲಿ, ಅಂದರೆ ಭಾಗಗಳಲ್ಲಿ, ಆಸನ ಮೂರನೆಯದು. ಅದಕ್ಕೂ ಮೊದಲು ಸುಳ್ಳಾಡದಿರುವುದು, ಕದಿಯದಿರುವುದು ಬರುತ್ತವೆ. ಮೈ ಬಗ್ಗಿಸುವುದಕ್ಕಿಂತ ಇದೇ ಜಾಸ್ತಿ ಕಷ್ಟ, ಅಲ್ವಾ? 84ರ ಲೆಕ್ಕ ಬಂದಿದ್ದು ದೇಹದ ಅಭ್ಯಾಸಕ್ಕೆ ಒತ್ತು ಕೊಡುವ, ನಂತರದ ಹಠಯೋಗ ಗ್ರಂಥಗಳಿಂದ.

ಲೈಬ್ರರಿಯಲ್ಲಿ ಕನ್ನಡ ಅರ್ಥವಿರುವ ಪ್ರತಿ ಸಿಕ್ಕರೆ ಎರಡನೇ ಪಾದದ (ಅಧ್ಯಾಯದ) 46ರಿಂದ 48ನೇ ಸೂತ್ರ ಓದಿ ನೋಡಿ. ಇಂಥ ಬೇರೆ ಮೆಸೇಜ್ ಬಂದರೂ ಯಾವ ಪುಸ್ತಕ, ಎಷ್ಟನೇ ಸೂತ್ರ ಅಂತ ಕೇಳಿ. ಆಸನ ಮಾಡ್ತಾ ಇರಿ. ಬಿಪಿ, ಶುಗರ್ ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.