ಸತ್ಯಾಂಶ: ಸೋಡಾಕ್ಕೆ ಉಪ್ಪು ಬಿದ್ದರೆ ವಿಷವಾಗುತ್ತದೆಯೇ?

ತಂಪು ಪಾನೀಯಕ್ಕೆ ಉಪ್ಪು ಹಾಕಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ಅದನ್ನೇ ತೋರಿಸಿ, ಎರಡೂ ಸೇರಿ ವಿಷವಾಗುತ್ತದೆ ಎನ್ನುವ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ನೋಡಿದವರಿಗೆ ಗಾಬರಿ ಆಗುವುದು ಸಹಜ. ಆದರೆ ಅದು ನಿಜವಲ್ಲ.

ಅಲ್ಲಿ ಹೊಸ ವಸ್ತು ಯಾವುದೂ ಹುಟ್ಟುವುದಿಲ್ಲ. ಪಾನೀಯದಲ್ಲಿ ಕಾರ್ಬನ್ ಡೈಆಕ್ಸೈಡ್ ಅನ್ನು ಒತ್ತಡ ಹಾಕಿ ಕರಗಿಸಿರುತ್ತಾರೆ. ಮುಚ್ಚಳ ತೆಗೆದ ಮೇಲೆ ಅದು ನಿಧಾನವಾಗಿ ಹೊರಬರುತ್ತಿರುತ್ತದೆ. ಉಪ್ಪಿನ ಹರಳಿನ ಒರಟು ಮೈ, ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ, ಇವು ಗುಳ್ಳೆ ಕಟ್ಟಲು ಜಾಗ ಕೊಡುತ್ತವೆ. ಹಾಗಾಗಿ ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಸಕ್ಕರೆ ಹಾಕಿದರೂ ನೊರೆ ಬರುತ್ತದೆ. ಮರಳು ಹಾಕಿದರೂ ಬರುತ್ತದೆ (ಅದನ್ನು ಕುಡಿಯಬೇಡಿ). ಮರಳು ಕರಗುವುದೂ ಇಲ್ಲ, ಅಲ್ವಾ? ಇನ್ನೊಂದು ಲೋಟವನ್ನು ರಾತ್ರಿಯಿಡೀ ತೆರೆದಿಟ್ಟು, ಬೆಳಿಗ್ಗೆ ಉಪ್ಪು ಹಾಕಿ. ನೊರೆ ಅಷ್ಟಾಗಿ ಏಳುವುದಿಲ್ಲ. ಉಪ್ಪೂ ಇದೆ, ಪಾನೀಯವೂ ಇದೆ. ಹೋಗಿರುವುದು ಗ್ಯಾಸ್ ಮಾತ್ರ.