ಸಂಜೆ ಏಳಕ್ಕೆ ಏನ್ಮಾಡ್ತೀರಿ?

"ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆಯಲ್ಲ, ಕಲ್ಲಿದ್ದಲು ಸ್ಥಾವರಗಳನ್ನ ಮುಚ್ಚಿಬಿಡಿ" ಅನ್ನೋ ಪೋಸ್ಟ್ ಕಂಡಾಗಲೆಲ್ಲ ನನ್ನ ಪ್ರಶ್ನೆ ಒಂದೇ. ಸಂಜೆ ಏಳಕ್ಕೆ ಏನ್ಮಾಡ್ತೀರಿ?

ಪಾವಗಡದ ಸಾಮರ್ಥ್ಯ 2050 ಮೆಗಾವ್ಯಾಟ್. ಮಧ್ಯಾಹ್ನ ಭರ್ಜರಿ, ಹೊತ್ತು ಮುಳುಗಿದ ಮೇಲೆ ಸೊನ್ನೆ. ಮನೆಮನೆಯಲ್ಲಿ ಲೈಟು, ಟಿವಿ, ಫ್ಯಾನು ಎಲ್ಲ ಒಟ್ಟಿಗೆ ಶುರುವಾಗೋದೂ ಆಗಲೇ.

ನಮ್ಮದು ಮೊದಲಿಂದಲೂ ನೀರಿನ ಕರೆಂಟಿನ ರಾಜ್ಯ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನು ಎಳೆದವರು ನಾವು. ಆಮೇಲೆ ಜೋಗ, ಶರಾವತಿ. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡೋದು. ಆ ಭಯಕ್ಕೆ ಉತ್ತರವಾಗಿ 1985ರಲ್ಲಿ ಕೃಷ್ಣೆಯ ದಂಡೆಯಲ್ಲಿ, ಶಕ್ತಿನಗರದಲ್ಲಿ, ಕಲ್ಲಿದ್ದಲು ಸುಡೋ ರಾಯಚೂರು ಉಷ್ಣ ವಿದ್ಯುತ್ ಸ್ಥಾವರ, ಅಂದರೆ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾಯ್ತು. ಈಗ ಎಂಟು ಘಟಕ, 1720 ಮೆಗಾವ್ಯಾಟ್. ಬಳ್ಳಾರಿಯ ಕುಡತಿನಿ, ಯರಮರಸ್, ಕೂಡಗಿ ಸ್ಥಾವರಗಳೆಲ್ಲ ಇದರ ನಂತರ ಬಂದವು.

ತಮಾಷೆ ನೋಡಿ, ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ. ತೆಲಂಗಾಣದ ಸಿಂಗರೇಣಿ ಗಣಿ, ಒಡಿಶಾ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರಬೇಕು. ಒಂದು ಯೂನಿಟ್ ಕರೆಂಟಿಗೆ ಸುಮಾರು ಮುಕ್ಕಾಲು ಕಿಲೋ ಸುಡಬೇಕು. ಆರ್‌ಟಿಪಿಎಸ್‌ನ ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ ಏಳೆಂಟು ರೇಕ್, ಅಂದರೆ ಏಳೆಂಟು ಗೂಡ್ಸ್ ರೈಲು ಬೇಕು. ಒಂದೊಂದು ರೇಕಿಗೂ ಐವತ್ತೆಂಟು, ಐವತ್ತೊಂಬತ್ತು ವ್ಯಾಗನ್. ಟಿಪ್ಲರ್ ಅನ್ನೋ ಯಂತ್ರ ಇಡೀ ವ್ಯಾಗನ್ನನ್ನೇ ಹಿಡಿದು ಮಗುಚಿ ಹಾಕುತ್ತೆ. ಮಳೆಗಾಲದಲ್ಲಿ ಒದ್ದೆಯಾದ ಕಲ್ಲಿದ್ದಲು ಕೆಳಕ್ಕೆ ಬೀಳದೆ ಜೇಡಿಮಣ್ಣಿನ ಹಾಗೆ ಅಂಟಿ ಕೂರುತ್ತೆ. ಆಗ ಸ್ಟಾಕ್ ಇದ್ದೂ ಘಟಕ ಹಸಿದಿರುತ್ತೆ.

2023 ನೆನಪಿದೆಯಾ? ಮಳೆ ಇಲ್ಲ, ಜಲಾಶಯಗಳು ತುಂಬಲಿಲ್ಲ. ಪಂಪ್‌ಸೆಟ್‌ಗೆ ಏಳು ಗಂಟೆ ಕೊಡಬೇಕಿದ್ದ ತ್ರೀ ಫೇಸ್ ಐದಕ್ಕೆ ಇಳೀತು. ಖಾಸಗಿ ಉತ್ಪಾದಕರು ಕರೆಂಟನ್ನ ರಾಜ್ಯದ ಹೊರಗೆ ಮಾರಬಾರದು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಬೇಕಾಯ್ತು. ಆ ಅಕ್ಟೋಬರಿನಲ್ಲಿ "ಕಲ್ಲಿದ್ದಲು ಬೇಡ" ಅಂತ ಬರೆದವರು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಇನ್ನೊಂದು ವಿಚಾರ. "ಹಗಲು ಆಫ್ ಮಾಡಿ, ಸಂಜೆ ಆನ್ ಮಾಡಿ" ಅನ್ನೋರಿದ್ದಾರೆ. ತಣ್ಣಗಾದ ಬಾಯ್ಲರ್‌ಗೆ ಮೊದಲು ಎಣ್ಣೆ ಸುರಿದು ಉರಿಸಬೇಕು. ಹಬೆ ಸರಿಯಾದ ಒತ್ತಡಕ್ಕೆ ಬಂದು ಟರ್ಬೈನ್ ತಿರುಗೋ ಹೊತ್ತಿಗೆ ಎಷ್ಟೋ ತಾಸು ಕಳೆದಿರುತ್ತೆ. ಅದಕ್ಕೇ ಹಗಲು ಪೂರ್ತಿ ಆರಿಸದೆ ಅರ್ಧ ಉರಿಯಲ್ಲಿ ಇಟ್ಟುಕೊಂಡು ಕಾಯ್ತಾರೆ. ಹಾಗೆ ದಿನಾ ಏರಿಸಿ ಇಳಿಸಿ ಮಾಡಿದರೆ ಪೈಪುಗಳು ಬೇಗ ಸೋಲ್ತವೆ, ಹಳೇ ಘಟಕಗಳದ್ದಂತೂ ಇನ್ನೂ ಬೇಗ.

ಹಾಗಂತ ನಾನು ಹೊಗೆಕೊಳವೆಯ ಭಕ್ತನಲ್ಲ. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ. ಸಿಮೆಂಟಿಗೆ, ಇಟ್ಟಿಗೆಗೆ ಹೋಗಿ ಉಳಿದದ್ದು ಹೊಂಡಕ್ಕೆ. ಬೇಸಿಗೆ ಗಾಳಿ ಎದ್ದರೆ ಅದು ಎಲ್ಲಿಗೆ ಹೋಗುತ್ತೆ ಅಂತ ಸ್ಥಾವರದ ಪಕ್ಕದ ಹಳ್ಳಿಯವರನ್ನ ಕೇಳಿ. ಒಣಹಾಕಿದ ಬಟ್ಟೆ, ಹತ್ತಿ ಹೊಲ, ನೀರಿನ ತೊಟ್ಟಿ ಯಾವುದನ್ನೂ ಬಿಡಲ್ಲ. ಗಂಧಕದ ಹೊಗೆ ತಡೆಯೋ ಯಂತ್ರ ಹಾಕಿಸಿ ಅಂತ 2015ರಲ್ಲಿ ನಿಯಮ ಬಂತು. ಗಡುವು ಮುಂದೂಡಿ ಮುಂದೂಡಿ, ಕೊನೆಗೆ 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ತು. ಬೆಂಗಳೂರಿನ ಲಿಫ್ಟು ನಿಲ್ಲಬಾರದು, ಹೊಗೆ ಮಾತ್ರ ರಾಯಚೂರಿನವರು ಕುಡೀಬೇಕು. ಇದು ಯಾವ ಸೀಮೆ ನ್ಯಾಯ?

ಸಂಜೆಗೆ ಶರಾವತಿ ಪಂಪ್ಡ್ ಸ್ಟೋರೇಜ್ (ಕರೆಂಟು ಹೆಚ್ಚಿದ್ದಾಗ ನೀರನ್ನ ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡೋದು) ಇದೆ ಅಂತೀರಾ? 2000 ಮೆಗಾವ್ಯಾಟ್ ಯೋಜನೆ ಸರಿ, ಆದರೆ ಸಿಂಗಳೀಕದ ಕಾಡು ಕಡಿದು ಮಾಡೋದನ್ನ ಹಸಿರು ಅಂತ ಕರೆಯೋಕೆ ನನಗೆ ನಾಲಿಗೆ ಏಳಲ್ಲ. ಬ್ಯಾಟರಿ ಹಾಕಿ, ಪಾವಗಡದಲ್ಲೇ ಹಾಕಿ. ಹೊಸ ಕಲ್ಲಿದ್ದಲು ಘಟಕ ಬೇಡವೇ ಬೇಡ. ಇರೋವನ್ನ ಸಂಜೆಗೆ, ಬರಗಾಲಕ್ಕೆ ಇಟ್ಟುಕೊಳ್ಳಿ. ಅವು ಉರಿಯೋವರೆಗೆ ಸುತ್ತಲಿನ ಊರುಗಳಿಗೆ ಕುಡಿಯೋ ನೀರು, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ, ಬೂದಿ ಬಿದ್ದ ಹೊಲಕ್ಕೆ ಪರಿಹಾರ, ಇಷ್ಟನ್ನೂ ಕರೆಂಟಿನ ದರದಲ್ಲೇ ಸೇರಿಸಿ. ನನ್ನ ಬಿಲ್ಲಿನಲ್ಲಿ ಯೂನಿಟ್‌ಗೆ ಹತ್ತು ಪೈಸೆ ಹೆಚ್ಚಾದರೆ ಆಗಲಿ, ಕಟ್ತೀನಿ.